ಹುಳು ಹಣ್ಣಾಗುವವರೆಗೆ

ವೆಂಕಟರತ್ನಮ್ಮ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ಮೊದಲು ನಿಲ್ಲುತ್ತಿದ್ದವಳು. ಪಕ್ಕ ಕೂತವರಿಗೆ ಲೆಕ್ಕ ಬಂದದ್ದೂ ಅವಳಿಂದಲೇ. ೧೯೬೧ರಲ್ಲಿ, ಹದಿನಾರು ತುಂಬಿದ ಮೇಲೆ, ಅವಳಿಗೆ ಬೆಳಗಾಗುವುದೇ ಬೇಡವಾಯಿತು. ತಲೆ ಬಾಚಿಕೊಳ್ಳಲು ಕೈ ಏಳದು. ಪುಸ್ತಕ ತೆರೆದರೆ ಎದೆ ಹೊಡೆದುಕೊಂಡು ಅಂಗೈ ಬೆವರುವುದು. ಏನಾಯಿತೆಂದು ಕೇಳಿದರೆ ಅಳುವಳು.

ತಾಯಿ ಓಬಳಮ್ಮ ರೇಷ್ಮೆಹುಳು ಸಾಕುವುದರಲ್ಲಿ ಊರಿಗೇ ಹೆಸರಾದವಳು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಓಬಳಮ್ಮ ಸೊಪ್ಪು ಹಾಕಳು, ತಟ್ಟೆ ಅಲುಗಿಸಳು, ಘಾಟು ತಾಗೀತೆಂದು ಒಗ್ಗರಣೆಯನ್ನೂ ಹಾಕಳು. ಪಿಸುಮಾತಿನಲ್ಲೇ ಸಂಸಾರ ನಡೆಸುವಳು. ಮಗಳು ಊಟ ಬಿಟ್ಟು ಅಲುಗದೆ ಕೂತಾಗ ಮಾತ್ರ ಜಡೆ ಹಿಡಿದು ಎಳೆದಳು.

"ನಾಲ್ಕು ದಿನ ಬಿಟ್ಟು ನೋಡೇ. ಹುಳ ಏಳಲ್ವಾ, ಹಂಗೇ ಏಳ್ತಾಳೆ," ಎಂದ ಅಪ್ಪ ನರಸಿಂಹಪ್ಪ.

"ಹುಳ ಎದ್ದು ಗೂಡು ಕಟ್ಟುತ್ತೆ. ಇವ್ಳು ಏನು ಕಟ್ತಾಳೆ?"

ಅಕ್ಕಪಕ್ಕದವರು ನಕ್ಕರು. ರತ್ನಮ್ಮನೂ ನಗಲು ನೋಡಿದಳು.

ಗೂಡು ಕೊಳ್ಳಲು ಬರುತ್ತಿದ್ದ ಲಾಲ್ ಬಾಷಾ ಅವಳನ್ನು ಕಂಡು ನಿಂತ. ಅವನ ಅಕ್ಕನ ಮಗನಿಗೂ ಹೀಗೇ ಆಗಿತ್ತು. "ಬೆಂಗ್ಳೂರಲ್ಲಿ ಇದಕ್ಕೆ ಆಸ್ಪತ್ರೆ ಐತೆ ನರಸಿಂಹಪ್ಪನೋರೆ. ಮಾತ್ರೆ ಕೊಟ್ರು, ದಿನಾ ಕೂರಿಸ್ಕೊಂಡು ಮಾತಾಡಿಸಿದ್ರು. ಮೂರು ತಿಂಗಳಿಗೆ ಹುಡುಗ ಅಂಗಡೀಲಿ ಕೂತ. ನಾಳೆನೇ ಹೊರಡಿ, ನಾನೂ ಬರ್ತೀನಿ."

"ಹೋಗಣ ಅಪ್ಪಾ," ಎಂದಳು ರತ್ನಮ್ಮ. ಆ ತಿಂಗಳಲ್ಲಿ ಅವಳು ತಾನಾಗಿ ಆಡಿದ ಮಾತು ಅದೊಂದೇ.

ಹುಳು ಆಗತಾನೇ ನಾಲ್ಕನೇ, ಕೊನೆಯ ಜ್ವರದಿಂದ ಎದ್ದಿತ್ತು. ಬಲಿತು ಹಣ್ಣಾಗಿ ಗೂಡು ಕಟ್ಟಲು ಇನ್ನು ಎಂಟು ದಿನ; ಅಲ್ಲಿಯವರೆಗೆ ಮನೆಯ ಒಂದು ಕೈಯೂ ಕದಲುವಂತಿಲ್ಲ. "ಹಣ್ಣುಹುಳ ಎತ್ತಿದ ಮಾರನೇ ದಿನಾನೇ ಹೋಗಣ ಕಣಮ್ಮ," ಎಂದ ಅಪ್ಪ. ಲಾಲ್ ಬಾಷಾ ಅಂದೇ ಬರುವುದಾಗಿ ಹೇಳಿ ಹೋದ. ರತ್ನಮ್ಮ ಇದ್ದಿಲಿನಿಂದ ಗೋಡೆಗೆ ದಿನಕ್ಕೊಂದು ಗೀಟು ಎಳೆಯತೊಡಗಿದಳು.

ಮೂರನೇ ಗೀಟಿನ ದಿನ, ಗಂಡ ಸೊಪ್ಪು ಕೊಯ್ಯಲು ಹೋಗಿದ್ದಾಗ, ಓಬಳಮ್ಮ ಬರೆ ಹಾಕಿ ಕಾಯಿಲೆ ಬಿಡಿಸುವ ನಗರಗೆರೆಯ ಆವುಲಪ್ಪನನ್ನು ಕರೆಸಿದಳು. ಹುಚ್ಚಾಸ್ಪತ್ರೆಯ ಮೆಟ್ಟಿಲು ಹತ್ತಿದವಳನ್ನು ಯಾರೂ ಸೊಸೆ ಮಾಡಿಕೊಳ್ಳರು. ಬರೆಯಾದರೆ ಸೀರೆಯೊಳಗೆ ಮುಚ್ಚಿಹೋಗುತ್ತದೆ. ಆವುಲಪ್ಪ ಕುಡುಗೋಲು ಕಾಯಿಸಿದ. ಕೂಗಿದರೆ ಹುಳು ಬೆದರೀತೆಂದು ತಾಯಿ ಅವಳ ಬಾಯಿಗೆ ಬಟ್ಟೆ ತುರುಕಿದಳು. ಹೊಟ್ಟೆಯ ಮೇಲೆ ಮೂರು ಬರೆ.

"ಎಟ್ಲುಂದಮ್ಮಾ? ಹೆಂಗೈತೆ ಈಗ?" ಎಂದ ಆವುಲಪ್ಪ.

"ವಾಸಿ ಆಯ್ತು," ಎಂದಳು, ನಾಲ್ಕನೆಯದು ಬೀಳದಿರಲೆಂದು. ಓಬಳಮ್ಮ ಆವುಲಪ್ಪನಿಗೆ ಕೈಮುಗಿದಳು.

ಆರನೇ ದಿನ ಗಾಯ ಕೀವುಗಟ್ಟಿ ಮೈ ಕೆಂಡವಾಯಿತು. "ಗಾಡಿ ಕಟ್ಟಲೇನೇ?" ಎಂದ ನರಸಿಂಹಪ್ಪ.

"ಇನ್ನೆರಡು ದಿನ. ಹಣ್ಣುಹುಳ ಯಾರು ಎತ್ತಾರೆ, ನಿಮ್ಮಪ್ಪನಾ?"

ಅವನು ಸೊಪ್ಪಿನ ಬುಟ್ಟಿ ಎತ್ತಿಕೊಂಡ. ಏಳನೇ ಗೀಟು ಅರ್ಧಕ್ಕೇ ನಿಂತಿತು. ಎಂಟನೇ ದಿನ ಮನೆಮಂದಿಯೆಲ್ಲ ಹಣ್ಣುಹುಳು ಆರಿಸಿ ಆರಿಸಿ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಒಳಕೋಣೆಯಲ್ಲಿ ಮಲಗಿದ್ದವಳನ್ನು ಯಾರೂ ನೋಡಲಿಲ್ಲ.

ಒಂಬತ್ತನೇ ದಿನ ಲಾಲ್ ಬಾಷಾ ಹೇಳಿದಂತೆ ಬಂದ. ರತ್ನಮ್ಮನನ್ನು ಹೊರಗೆ ಮಲಗಿಸಿ ತಲೆದೆಸೆಗೆ ದೀಪ ಇಟ್ಟಿದ್ದರು. ಓಬಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದಾಗದಂತೆ ಅಳುತ್ತಿದ್ದಳು. ಒಳಗೆ ಹುಳು ಗೂಡು ಕಟ್ಟುತ್ತಿತ್ತು.