ಕೆಮ್ಮಿದವಳು ನಾನು

ಬಿಸಿನೀರು ತುಂಬುವಾಗ ರಬ್ಬರ್ ಚೀಲದಿಂದ ಏಳುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಮಾತ್ರ ಅದರಿಂದ ನಗು ಬರುತ್ತದೆ. ಈ ವಾರವಂತೂ ಆ ಚೀಲ ನನ್ನ ಕೈ ಬಿಟ್ಟಿಲ್ಲ. ಮಗಳು ಸರೋಜಾ ಎರಡನೆಯ ಸಲ ಹಡೆದಿದ್ದಾಳೆ. ಗಂಡುಕೂಸು, ಮೂಗು ನನ್ನದೇ. ಬೀಗರು ತಮ್ಮದು ಅನ್ನುತ್ತಿದ್ದಾರೆ, ಅನ್ನಲಿ ಬಿಡಿ. ಕನ್ನಡಿ ನಮ್ಮ ಮನೆಯಲ್ಲೂ ಇದೆ. ತರಕಾರಿಯವಳಿಗೂ ಕರೆದು ತೋರಿಸಿದೆ.

ಚೀಲದ ಮಾತಿಗೆ ಬರುತ್ತೇನೆ. ಅವಳ ಮೊದಲ ಹೆರಿಗೆ ಬಹಳ ಕಷ್ಟದ್ದು. ರಕ್ತ ಹೋಗಿ ಬಿಳಿಚಿಕೊಂಡಿದ್ದಳು. ಬೇಗ ಇನ್ನೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಕಾಪರ್-ಟಿ ಹಾಕಿಸಿಕೊಳ್ಳಲು ಹೇಳಿದ್ದರು. ನಮ್ಮವರು ಅದಕ್ಕೆ ವಂಕಿ ಅನ್ನುತ್ತಾರೆ. ತೋಳಿನ ಒಡವೆ ಎಂದು ತಿಳಿದ ನಮ್ಮ ಯಜಮಾನರು, "ಈಗ ಬಂಗಾರ ಯಾಕ?" ಅಂದಿದ್ದರು.

ಒಮ್ಮೆ ಸರೋಜಾ ನಾವಿರುವ ಈ ತೆಲುಗು ಊರಿನ ಮೆಹದಿಪಟ್ಟಣಂ ಆಸ್ಪತ್ರೆಗೆ ಒಬ್ಬಳೇ ಹೋಗಿ, ಮೇಜಿನ ಮೇಲಿಂದ ಹೆದರಿ ಎದ್ದು ಬಂದಿದ್ದಳು. ಎರಡನೆಯ ಸಲ ನಾನು ಜೊತೆಗೆ ಹೋದೆ. ಆಟೋದಲ್ಲಿ ನನ್ನದು ಒಂದೇ ಮಾತು: "ತಡ್ಕೋಬೇಕವಾ. ನಾವೆಲ್ಲಾ ತಡ್ಕೊಂಡಿಲ್ಲೇನು?" ನಮ್ಮ ಅವ್ವ ನನಗೆ ಹೇಳಿದ್ದೂ ಅದೇ. ನೋವಿಗೆ ನಮ್ಮ ಮನೆಯಲ್ಲಿದ್ದ ಔಷಧಿ ಅದೊಂದೇ.

ನರ್ಸಮ್ಮ ಅವಳ ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟರು. ಮೈ ಬಿಗಿಹಿಡಿದಷ್ಟೂ ನೋವು ಹೆಚ್ಚು, ಉಸಿರು ನಿಧಾನಕ್ಕೆ ಬಿಡಲಿ ಎಂದು ಹೇಳಿ, ನನ್ನನ್ನು ಅವಳ ತಲೆಯ ಬಳಿ ನಿಲ್ಲಿಸಿದರು. ಸರೋಜಾ ಬಳೆಗಳ ಸಮೇತ ನನ್ನ ಕೈ ಹಿಂಡುತ್ತಿದ್ದಳು.

"ಅವ್ವಾ, ನನ್ನ ಕೈಲೆ ಆಗೂದಿಲ್ಲ. ಮನಿಗಿ ಹೋಗೂಣು."

ಈ ಸಲವೂ ಎದ್ದರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ನರ್ಸಮ್ಮ, "ದಗ್ಗಮ್ಮಾ! ಗಟ್ಟಿಗಾ ದಗ್ಗು!" ಎಂದರು. ತೆಲುಗಿನಲ್ಲಿ ದಗ್ಗು ಅಂದರೆ ಕೆಮ್ಮು; ಕೆಮ್ಮುವಾಗ ನೋವು ಅಷ್ಟು ತಿಳಿಯುವುದಿಲ್ಲವಂತೆ. ಅವರಿಗೆ ಎಲ್ಲ ಹೆಂಗಸರೂ ಅಮ್ಮನೇ ಎಂಬುದು ಆ ಗಾಬರಿಯಲ್ಲಿ ನನಗೆ ಮರೆತೇಹೋಯಿತು. ನೀವೇ ಹೇಳಿ, ಆ ಕೋಣೆಯಲ್ಲಿ ಅಮ್ಮ ಯಾರು? ಎದೆ ಬಿರಿಯುವ ಹಾಗೆ ನಾನು ಕೆಮ್ಮಿದೆ.

"ಮೀರು ಕಾದಮ್ಮಾ!" ನೀವಲ್ಲ ಎಂದು ನರ್ಸಮ್ಮ ರೇಗಿದರು. ಸಾಲಲಿಲ್ಲವೇನೋ ಎಂದು ನಾನು ಇನ್ನಷ್ಟು ಜೋರಾಗಿ ಕೆಮ್ಮಿದೆ.

ಸರೋಜಾ ಕಣ್ಣು ಬಿಟ್ಟಳು. "ಅವ್ವಾ, ವಂಕಿ ನಿನಗೋ, ನನಗೋ?"

ನಗತೊಡಗಿದಳು. ನಗು ಕೆಮ್ಮಾಯಿತು, ಹಿಂಡಿದ ಕೈ ಸಡಿಲಾಯಿತು. ಒಮ್ಮೆ "ಹಾ" ಎಂದಳು, ಅಷ್ಟರಲ್ಲಿ ಡಾಕ್ಟರಮ್ಮ ಕೆಲಸ ಮುಗಿಸಿದ್ದರು. ನೋವಾಗಲಿಲ್ಲವೇ ಅಂದರೆ, ಆಯಿತು. ಒಬ್ಬಳೇ ಹಲ್ಲು ಕಚ್ಚಿಕೊಂಡು ಪಡುವ ನೋವು ಮಾತ್ರ ಅದಾಗಿರಲಿಲ್ಲ.

ಮೈಯಲ್ಲಿ ರಕ್ತ ತುಂಬಿಕೊಂಡ ಮೇಲೆ, ತನಗೆ ಬೇಕೆನಿಸಿದಾಗ ಆ ವಂಕಿಯನ್ನು ತೆಗೆಸಿದಳು. ಈಗ ಈ ಕೂಸು ಬಂದಿದೆ. ಅದು ಮೊಲೆಗೆ ಬಾಯಿ ಹಚ್ಚಿದಾಗಲೆಲ್ಲ ಬಾಣಂತಿಗೆ ಹೊಟ್ಟೆ ಹಿಂಡುತ್ತದೆ. ಇದೋ, ಒಳಗಿನಿಂದ ಕೂಗಿದಳು.

"ಅವ್ವಾ, ಭಾಳ ನೋಯಾಕತ್ತೈತಿ!"

ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.

"ಎಲ್ಲಿ ಮಗಾ? ತೋರ್ಸು."