ಮಸಿಯಿಲ್ಲದ ಸಾಲು

ನಾನು ಬಂದು ನೆಲೆಸಿರುವ ಉತ್ತರದ ಚಳಿನಾಡಿನ ಊರಾದ ಕಾರ್ಲ್‌ಸ್ಟಾಡ್‌ನ ಗ್ರಂಥಾಲಯದಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಕಲೆತು, ಹಿಂದೆಂದೋ ಗತಿಸಿದ ಚಿತ್ರಕಾರನೊಬ್ಬ ತನ್ನ ಗೆಳೆಯನಿಗೆ ಬರೆದ ಕೈಬರಹದ ಪತ್ರಗಳನ್ನು ಓದುತ್ತೇವೆ. ಓದಿಸುವವರು ನಿವೃತ್ತ ಚಿತ್ರಕಲಾ ಶಿಕ್ಷಕಿ. ಆ ಕಲಾವಿದ ಸಂಕೇತವಾದಿ; ಕಾಣುವ ಮರ, ನೀರು, ಮುಖಗಳ ಮೂಲಕ ಕಾಣದ್ದನ್ನು ಸೂಚಿಸುವುದೇ ಕಲೆಯ ಧರ್ಮವೆಂದು ನಂಬಿದ್ದವನು. ಬೆಳಕನ್ನು ಕಾದು ಪಡೆಯಬೇಕೆಂಬ ವ್ರತ ಅವನದು. ದೀಪ ಹಚ್ಚಿಕೊಂಡು ಒಂದು ಪತ್ರವನ್ನೂ ಬರೆಯಲಿಲ್ಲ. ಹೀಗಾಗಿ ಬೇಸಿಗೆಯ ಪತ್ರಗಳು ಹಾಳೆಗಟ್ಟಲೆ, ಹಗಲು ತೀರ ಮೊಟಕಾಗುವ ಡಿಸೆಂಬರಿನವು ಅಂಗೈಯಗಲ.

ಕಳೆದ ಚಳಿಗಾಲದಲ್ಲಿ, ಪತ್ರಗಳ ಸ್ಕ್ಯಾನ್ ಮುಗಿದದ್ದರಿಂದ ಮೂಲಪ್ರತಿಗಳನ್ನು ದೂರದ ಉಗ್ರಾಣಕ್ಕೆ ಸಾಗಿಸುವ ಯೋಚನೆ ನಗರಾಡಳಿತಕ್ಕೆ ಬಂತು. ಎಂಬತ್ತು ದಾಟಿದ ಶಿಕ್ಷಕಿ ಅಷ್ಟು ದೂರ ಹೋಗಲಾರರು. ಅವರು ದೂರಲಿಲ್ಲ, ಹಾಳೆ ತಿರುವುವ ಕೈ ಮಾತ್ರ ನಿಧಾನವಾಯಿತು.

ಇಲ್ಲಿ ನೆಲೆಸಿದ ಯಾರು ಬೇಕಾದರೂ ಆಡಳಿತಕ್ಕೆ ಸಲಹೆ ಸಲ್ಲಿಸಬಹುದು. ಪತ್ರಗಳು ಇಲ್ಲೇ ಇರಲೆಂದು ನಾನು ಸಲ್ಲಿಸಿದೆ. ಅಲ್ಲಿನ ಅಧಿಕಾರಿ ತಾವೇ ಗ್ರಂಥಾಲಯಕ್ಕೆ, ಫಿಕಾ ಎಂಬ ಇಲ್ಲಿನ ಕಾಫಿ-ಬನ್ನಿನ ಬಿಡುವಿನ ಹೊತ್ತಿಗೆ ಬರುವೆನೆಂದರು. ಮಂಡನೆ, ಖಂಡನೆ ಎರಡನ್ನೂ ಸಿದ್ಧಪಡಿಸಿ, ಅಡುಗೆಮನೆಯಲ್ಲಿ ಹೆಂಡತಿಗೆ ಒಪ್ಪಿಸಿದೆ.

“ರೀ, ಇದೇನು ಇಂಟರ್‌ಕಾಲೇಜ್ ಡಿಬೇಟಾ? ಎದುರಾಳಿನೇ ಇಲ್ವಲ್ಲ!”

“ಸ್ಕ್ಯಾನ್ ಸಾಕು ಅಂತಾರೆ ಕಣೇ ಅವರು.”

“ಅನ್ಲಿ. ಆ ಪತ್ರಾನೇ ಅವರ ಕೈಗೆ ಕೊಡಿ. ನೀವು ಬಾಯಿಗೆ ಒಂದು ಬನ್ ಇಟ್ಕೊಂಡು ಕೂತಿರಿ.”

ಅಧಿಕಾರಿ ಬಂದರು, ಸೌಜನ್ಯದ ಹೆಂಗಸು. “ಪರದೆ ಮೇಲೆ ಅಕ್ಷರ ಇನ್ನೂ ದೊಡ್ಡದಾಗೇ ಕಾಣುತ್ತಲ್ಲ?” ಎಂದು ಕೇಳಿದರು. ನನ್ನ ಖಂಡನೆ ನಾಲಿಗೆಯ ತುದಿಗೆ ಬಂದಿತ್ತು, ಬನ್ ಕಚ್ಚಿದೆ.

ಶಿಕ್ಷಕಿ ಡಿಸೆಂಬರಿನ ಪತ್ರವೊಂದನ್ನು ಕಿಟಕಿಯ ಬಳಿ ಇಟ್ಟರು. ಸಾಲುಗಳು ಸೊಟ್ಟಗಾಗುತ್ತ ಕೊನೆಯಲ್ಲಿ ನಿಂತುಹೋಗಿದ್ದವು. ಕೆಳಗೆ ಬರಿಯ ಬಿಳಿ.

“ಸ್ವಲ್ಪ ವಾಲಿಸಿ ನೋಡಿ.”

ವಾಲಿಸಿದೊಡನೆ ಬಿಳಿಯಲ್ಲಿ ಗೀರುಗಳ ಒಂದು ಸಾಲು ಎದ್ದಿತು. ಕತ್ತಲಾಗಿ, ಲೇಖನಿಯ ಮಸಿ ತೀರಿದ್ದು ಕಾಣದೆ, ಅವನು ಬರೆಯುತ್ತಲೇ ಹೋಗಿದ್ದ. ಕಲೆಯ ಕುರಿತು ಅಷ್ಟೆಲ್ಲ ಎತ್ತರದ ಮಾತು ಬರೆದವನು ಅಲ್ಲಿ ಕೇಳಿದ್ದಿಷ್ಟೆ: ಗೆಳೆಯನ ತಾಯಿಯ ಕೆಮ್ಮು ಕಡಿಮೆಯಾಯಿತೇ ಎಂದು.

ಅಧಿಕಾರಿ ಆ ಸಾಲನ್ನು ಎರಡು ಸಲ ಓದಿದರು. ತಮ್ಮ ಲ್ಯಾಪ್‌ಟಾಪಿನ ಪರದೆಯಲ್ಲಿ ಅದೇ ಪತ್ರವನ್ನು ತೆಗೆದು ಹಿಗ್ಗಿಸಿದರು, ಬಿಳಿಯೇ ದೊಡ್ಡದಾಯಿತು. ಕಾಫಿ ಆರಿಹೋಗಿತ್ತು.

ಪತ್ರಗಳು ಊರಲ್ಲೇ ಉಳಿಯುತ್ತವೆಂಬ ಉತ್ತರ ವಸಂತದಲ್ಲಿ ಬಂತು. ಆ ವಾರ ಶಿಕ್ಷಕಿ ಕೋಣೆಯ ದೀಪ ಆರಿಸಿ, ನಮ್ಮ ಕುರ್ಚಿಗಳನ್ನೆಲ್ಲ ಕಿಟಕಿಯ ಬಳಿಗೆ ಎಳೆಸಿದರು. ಹಗಲು ಇರುವಷ್ಟೂ ಓದಿ, ವಾಕ್ಯದ ನಡುವೆಯೇ ಎದ್ದೆವು.