ರಿಬ್ಬನ್ನಿಗೆ ಹತ್ತಿದ ಅರಿಶಿಣ

ಹೊಸ ಬಟ್ಟೆ ಮನೆಗೆ ಬಂದರೆ ಮೊದಲು ಏನು ಮಾಡುತ್ತೀರಿ? ನಮ್ಮವ್ವ ಅದರ ತುದಿಗೆ ಅರಿಶಿಣ ಹಚ್ಚುತ್ತಾಳೆ. ಸೀರೆ, ಅಂಗಿ, ಟವೆಲ್ಲು, ಯಾವುದಕ್ಕೂ ವಿನಾಯಿತಿ ಇಲ್ಲ. (ನನ್ನ ಪದವಿ ಪ್ರದಾನದ ಗೌನಿಗೂ ಹಚ್ಚಿದ್ದಳು. ಅದು ಬಾಡಿಗೆಯದು!)

ಕಳೆದ ವಾರ ಆ ಅರಿಶಿಣ ಒಂದು ರಿಬ್ಬನ್ನಿಗೆ ಹತ್ತಿತು.

ಜಡೆಗೆ ಕಟ್ಟುವ ರಿಬ್ಬನ್ ಅಲ್ಲ. ಕೋಲಿಗೆ ಸಿಕ್ಕಿಸಿದ, ಐದು ಮೀಟರಿನ ಬಿಳಿ ಸ್ಯಾಟಿನ್. ನನ್ನ ತಮ್ಮ ಶಂಕರನ ಮಗಳು ಸೃಷ್ಟಿ ರಿದಮಿಕ್ ಜಿಮ್ನಾಸ್ಟ್. ಸಂಗೀತಕ್ಕೆ ತಕ್ಕಂತೆ ಜಿಗಿಯುತ್ತಾ, ಬಾಗುತ್ತಾ ಅದನ್ನು ಗಾಳಿಯಲ್ಲಿ ಸುರುಳಿ ಸುತ್ತಿಸಬೇಕು. ಬೈಲಹೊಂಗಲದಲ್ಲಿ ಇದಕ್ಕೆ ಹಾಲ್ ಎಲ್ಲಿ? ಆರು ವರ್ಷದಿಂದ ಕಾಳಿನ ಗೋದಾಮಿನಲ್ಲೇ ಪ್ರಾಕ್ಟೀಸು. (ಕಡಲೆ ಚೀಲ ಬಂದರೆ ರಜೆ.) ತಾಲೂಕು ಗೆದ್ದಳು, ಜಿಲ್ಲೆ ಗೆದ್ದಳು. ರಾಜ್ಯ ತಂಡದ ಆಯ್ಕೆಯಲ್ಲಿ ಎರಡು ಸಲ ಹೊರಗುಳಿದಳು.

ಈ ಸಲದ್ದೇ ಕೊನೆ. ಹಾಗೆಂದು ತೀರ್ಮಾನಿಸಿದವಳು ನಾನೇ. ಬರುವ ವರ್ಷ ಎಸ್ಸೆಸ್ಸೆಲ್ಸಿ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು, ಹಾಗಾಗಿ ಓದಿನ ವಿಷಯದಲ್ಲಿ ನನ್ನ ಮಾತನ್ನು ಯಾರೂ ಮೀರುವುದಿಲ್ಲ. “ಟೀಮಿಗೆ ಸೆಲೆಕ್ಟ್ ಆದ್ರ ಮುಂದ ನೋಡೂಣು. ಇಲ್ಲಂದ್ರ ಬಂದ್” ಎಂದಿದ್ದೆ. ಹುಡುಗಿ ಹೂಂ ಎಂದಿದ್ದಳು.

ಆಯ್ಕೆಗೆಂದು ನಾನೂ ಸೃಷ್ಟಿಯೂ ಧಾರವಾಡಕ್ಕೆ ಹೋದೆವು. ಸ್ಪರ್ಧೆಗೆ ಇನ್ನೊಂದು ತಾಸು ಇರುವಾಗ ಸೃಷ್ಟಿ ಹೊಸ ರಿಬ್ಬನ್ನಿನ ಡಬ್ಬಿ ತೆರೆದು ಚೀರಿದಳು.

“ಅತ್ತೀ! ಆಯಿ ಅರಿಶಿಣ ಹಚ್ಚ್ಯಾಳ!”

ನಮ್ಮವ್ವ ಹಸಿ ಇದ್ದಾಗಲೇ ಸುತ್ತಿಟ್ಟಿದ್ದರಿಂದ ಕಲೆ ಐದು ಮೀಟರಿಗೂ ಹಬ್ಬಿತ್ತು. ಹಳೆಯ ರಿಬ್ಬನ್ ಹರಿದಿತ್ತು. ಬೇರೆ ಇರಲಿಲ್ಲ.

“ಅಳಬ್ಯಾಡ. ಎರಡ ಮಿನಿಟಿನ್ಯಾಗ ಬೆಳ್ಳಗ ಮಾಡಿ ಕೊಡತೇನಿ” ಎಂದವಳೇ ನಳದ ಕೆಳಗೆ ಹಿಡಿದು ಸಾಬೂನು ತಿಕ್ಕಿದೆ. ಅರಿಶಿಣಕ್ಕೆ ಸಾಬೂನು ತಾಗಿದರೆ ಏನಾಗುತ್ತದೆ? ಕೆಂಪಾಗುತ್ತದೆ! ಸಾಲಿಯ ಮಕ್ಕಳಿಗೂ ಗೊತ್ತು. ನಾನು ಬಿ.ಎಸ್ಸಿ., ಕೆಮಿಸ್ಟ್ರಿ, ಫಸ್ಟ್ ಕ್ಲಾಸ್.

ಕೆಂಪು ಕೆಂಪು ರಿಬ್ಬನ್ ಹಿಡಿದು, ಸಲಕರಣೆ ಪರೀಕ್ಷಿಸುವ ಮೇಡಂ ಮುಂದೆ ನಿಂತೆವು. ಅವರು ಉದ್ದ ಅಳೆದರು.

“ಬಣ್ಣ ಯಾವುದಿದ್ರೂ ನಡಿತೈತಿ. ಆದ್ರ ತೋಯಿಸಿದ್ದ್ಯಾಕ? ಒದ್ದಿ ರಿಬ್ಬನ್ ಹಾರೂದಿಲ್ಲ.”

ಅಂದರೆ ತೊಳೆಯುವುದೇ ಬೇಕಿರಲಿಲ್ಲ!

ಆಗ ನಮ್ಮ ಗಾಡಿಯ ಡ್ರೈವರ್ ಮೆಹಬೂಬ್ ಕಾಕಾ ಮುಂದೆ ಬಂದರು. “ಇಲ್ಲಿ ಕೊಡ್ರಿ ಅಕ್ಕಾರ” ಎಂದು ಕೋಲು ಕಸಿದುಕೊಂಡು ಬಿಸಿಲಿನ ಮೈದಾನದಲ್ಲಿ ಓಡತೊಡಗಿದರು. ಮುಂದೆ ಹೊಟ್ಟೆ, ಹಿಂದೆ ಐದು ಮೀಟರ್ ರಿಬ್ಬನ್. ಬೇರೆ ಊರಿನ ಹುಡುಗಿಯರೆಲ್ಲ ಚಪ್ಪಾಳೆ ಹಾಕಿದರು.

“ಕಾಕಾ, ಟೋ ಪಾಯಿಂಟ್ ಮಾಡ್ರಿ!” ಅಳುತ್ತಿದ್ದ ಸೃಷ್ಟಿಯೇ ಕೂಗಿದಳು. (ಜಿಮ್ನಾಸ್ಟರು ಕಾಲ್ಬೆರಳನ್ನು ಚೂಪಾಗಿ ಚಾಚಬೇಕು.)

“ಯವ್ವಾ, ಟೋ ಬೂಟಿನ್ಯಾಗ ಐತಿ! ಹೆಂಗ ಪಾಯಿಂಟ್ ಮಾಡ್ಲಿ?”

ಮೂರು ಸುತ್ತಿಗೆ ಕಾಕಾ ಕುಸಿದು ಕುಳಿತರು. ರಿಬ್ಬನ್ ಒಣಗಿತ್ತು.

ನಗುತ್ತಲೇ ಅಂಕಣಕ್ಕಿಳಿದಳು ಹುಡುಗಿ. ಹಿಂದೆ ಎರಡು ಸಲ ಕೋಲು ಕೈತಪ್ಪಿದ್ದ ಜಾಗ ಬಂತು. ಕೋಲನ್ನು ಮೇಲಕ್ಕೆಸೆದಳು, ಒಂದು ಪಲ್ಟಿ ಹೊಡೆದಳು, ಹಿಡಿದೇಬಿಟ್ಟಳು! ಸಂಜೆ ರಾಜ್ಯ ತಂಡದ ಪಟ್ಟಿಯಲ್ಲಿ ಅವಳ ಹೆಸರಿತ್ತು. ನಾನು, ಕಾಕಾ ಇಬ್ಬರೂ ಶಿಳ್ಳೆ ಹೊಡೆದೆವು. (ಹೌದು, ನನಗೂ ಬರುತ್ತದೆ.)

ಶಂಕರನಿಗೆ ಫೋನ್ ಮಾಡಿದೆ. ಖುಷಿಗೆ ಅವನು ಕೂಗಿಯೇಬಿಟ್ಟ. ಆದರೂ ಕೇಳಿದ, “ಎಸ್ಸೆಸ್ಸೆಲ್ಸಿ ಹೆಂಗ ಅಕ್ಕಾ?”

“ಅದನ್ನೂ ಓದ್ತಾಳ, ಇದನ್ನೂ ಆಡ್ತಾಳ.”

“ಬಂದ್ ಅಂದಾಕಿ ನೀನ ಅಲ್ಲೇನು?”

“ಹೌದು. ತಪ್ಪ ಅಂದಿದ್ನಿ.”

ಮರಳುವಾಗ ಗಾಡಿಯಲ್ಲಿ ಸೃಷ್ಟಿ ನನ್ನ ತೊಡೆಯ ಮೇಲೆ ಮಲಗಿದ್ದಳು. ನನಗೆ ನನ್ನ ಪಿಯುಸಿ ನೆನಪಾಯಿತು. ಒಂದಲ್ಲ, ಎರಡು ಸಲ ಫೇಲಾಗಿದ್ದೆ. ಅಕ್ಷರ ಬಾರದ ನನ್ನಪ್ಪ ಬಂದ್ ಅನ್ನಲಿಲ್ಲ, “ಮತ್ತ ಕುಂಡ್ರು, ಪಾಸಾಗತೀದಿ” ಅಂದಿದ್ದ.

ಈ ಹುಡುಗಿ ಸೋತು ಬಂದಿದ್ದರೆ ನನಗೆ ಆ ಮಾತು ನೆನಪಾಗುತ್ತಿತ್ತೇ?